ತೆರೆಯ ಮೇಲೆ ಆಟಿಸಂ: ನೋಡುವುದು ಹೇಗೆ?

ಆಟಿಸಂ ಅಥವಾ ಸ್ವಲೀನತೆ ರೋಗವಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಇದು ಇರುವವರು ಬೇರೆಯವರೊಡನೆ ಬೆರೆಯುವ ರೀತಿ, ಸದ್ದು, ಬೆಳಕು, ಸ್ಪರ್ಶಗಳನ್ನು ಗ್ರಹಿಸುವ ರೀತಿ ಉಳಿದವರಂತಿರುವುದಿಲ್ಲ. ಅವರೊಳಗೂ ಒಬ್ಬರಂತೆ ಇನ್ನೊಬ್ಬರಿಲ್ಲ. ಕೆಲವರು ನಿರರ್ಗಳವಾಗಿ ಮಾತಾಡುತ್ತಾರೆ, ಕೆಲವರು ಮಾತೇ ಆಡುವುದಿಲ್ಲ. ಕೆಲವರಿಗೆ ದಿನವಿಡೀ ನೆರವು ಬೇಕು, ಕೆಲವರು ಸ್ವತಂತ್ರವಾಗಿ ಬದುಕುತ್ತಾರೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಸಿನಿಮಾ, ಧಾರಾವಾಹಿಗಳತ್ತ ಬರೋಣ.

1988ರ ‘ರೇನ್ ಮ್ಯಾನ್’ ಆಟಿಸಂ ಎಂಬ ಹೆಸರನ್ನು ಲೋಕಕ್ಕೆಲ್ಲ ತಲುಪಿಸಿದ ಚಿತ್ರ. ನಾಲ್ಕು ಆಸ್ಕರ್ ಪಡೆಯಿತು. ಡಸ್ಟಿನ್ ಹಾಫ್‌ಮನ್ ನಟಿಸಿದ ರೇಮಂಡ್, ನೆಲಕ್ಕೆ ಚೆಲ್ಲಿದ ಹಲ್ಲುಕಡ್ಡಿಗಳ ಲೆಕ್ಕವನ್ನು ಕ್ಷಣದಲ್ಲಿ ಹೇಳುತ್ತಾನೆ. ಈ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರದು ಅದ್ಭುತ ಜ್ಞಾಪಕಶಕ್ತಿ. ಆದರೆ ಅವರಿಗೆ ಇದ್ದದ್ದು ಆಟಿಸಂ ಅಲ್ಲ ಎಂಬುದು ತಜ್ಞರ ನಂತರದ ಅಭಿಪ್ರಾಯ. ಅಂಥ ಅಸಾಧಾರಣ ಶಕ್ತಿ ಆಟಿಸಂ ಇರುವವರಲ್ಲಿ ಕೆಲವರಿಗಷ್ಟೇ ಇರುತ್ತದೆ. ಆದರೂ 2017ರಲ್ಲಿ ಬಂದ ‘ದಿ ಗುಡ್ ಡಾಕ್ಟರ್’ನ ಶಸ್ತ್ರವೈದ್ಯ, 2022ರ ಕೊರಿಯನ್ ಧಾರಾವಾಹಿಯ ವಕೀಲೆ ವೂ, ಆಟಿಸಂ ಇರುವ ಈ ಇಬ್ಬರೂ ಅಂಥ ಪ್ರತಿಭಾವಂತರೇ. ಇವನ್ನೇ ನೋಡಿ ಬೆಳೆದವರು ಆಟಿಸಂ ಇರುವ ಮಗುವಿನ ತಾಯಿಯನ್ನು ಕಂಡೊಡನೆ “ಇವನಿಗೆ ಏನು ವಿಶೇಷ ಶಕ್ತಿಯಿದೆ?” ಎಂದು ಕೇಳುತ್ತಾರೆ. ಮಗು ಮಗುವಾಗಿದ್ದರೆ ಸಾಲದೇ?

ಹಾಗಾಗಿ ಮೊದಲು, ಪಾತ್ರದ ಪ್ರತಿಭೆಯನ್ನು ಬದಿಗಿಟ್ಟು, ಸುತ್ತಲಿನವರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ‘ರೇನ್ ಮ್ಯಾನ್’ನಲ್ಲಿ ಹೊಗೆಯ ಅಲಾರಂ ಕಿರುಚಿದಾಗ ರೇಮಂಡ್ ಕಂಗಾಲಾಗಿ ತಲೆ ಚಚ್ಚಿಕೊಳ್ಳುತ್ತಾನೆ. ಕೊನೆಗೆ ಅವನು ಆರೈಕೆ ಸಂಸ್ಥೆಗೇ ಮರಳುತ್ತಾನೆ. ಬದಲಾಗುವುದು, ಹೃದಯವಂತನಾಗುವುದು ಅವನ ತಮ್ಮ ಚಾರ್ಲಿ. ಕಥೆ ನಿಜವಾಗಿ ಚಾರ್ಲಿಯದು.

ಇದರ ಪಕ್ಕದಲ್ಲಿ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನ ಜೂಲಿಯಾಳನ್ನಿಟ್ಟು ನೋಡಿ. 2017ರಲ್ಲಿ ಟೀವಿಗೆ ಬಂದ ಈ ಗೊಂಬೆಯನ್ನು ಆಡಿಸುವ ಸ್ಟೇಸಿ ಗಾರ್ಡನ್ ಅವರ ಮಗನಿಗೂ ಆಟಿಸಂ ಇದೆ. ಅದೇ ಕಾರ್ಯಕ್ರಮದ ಇನ್ನೊಂದು ಪಾತ್ರವಾದ ಬಿಗ್ ಬರ್ಡ್ ಮಾತಾಡಿಸಿದರೆ ಜೂಲಿಯಾ ಉತ್ತರಿಸುವುದಿಲ್ಲ. ತಾನು ಅವಳಿಗೆ ಇಷ್ಟವಿಲ್ಲವೇನೋ ಎಂದು ಅವನಿಗೆ ಬೇಸರ. ಅವಳ ರೀತಿಯೇ ಬೇರೆ ಎಂದು ಗೆಳೆಯರು ತಿಳಿಸಿಹೇಳುತ್ತಾರೆ. ಸೈರನ್ ಸದ್ದಿಗೆ ಅವಳು ಕಿವಿ ಮುಚ್ಚಿಕೊಂಡಾಗ ಅವಳನ್ನು ಸದ್ದಿಲ್ಲದ ಕಡೆ ಕರೆದೊಯ್ಯುತ್ತಾರೆ. ಮುಟ್ಟಾಟದಲ್ಲಿ ಅವಳು ಕುಪ್ಪಳಿಸಿದರೆ ಎಲ್ಲರೂ ಕುಪ್ಪಳಿಸುತ್ತಾರೆ. ಅದೇ ಹೊಸ ಆಟವಾಗುತ್ತದೆ. ಎರಡೂ ಕಡೆ ಸದ್ದು ನೋವುಂಟುಮಾಡುತ್ತದೆ. ಒಂದು ಕಥೆ ರೇಮಂಡ್‌ನನ್ನು ಸಂಸ್ಥೆಗೆ ಕಳಿಸುತ್ತದೆ, ಇನ್ನೊಂದು ಜೂಲಿಯಾಳಿಗೆ ಜಾಗ ಮಾಡಿಕೊಡುತ್ತದೆ.

ಎರಡನೆಯದಾಗಿ, ನಟಿಸಿದವರು ಯಾರೆಂದು ನೋಡಿ. ಹಿಂದಿಯಲ್ಲಿ ‘ಮೈ ನೇಮ್ ಈಸ್ ಖಾನ್’ (2010) ಚಿತ್ರದಲ್ಲಿ ಶಾರುಖ್ ಖಾನ್, ‘ಬರ್ಫಿ’ಯಲ್ಲಿ (2012) ಪ್ರಿಯಾಂಕಾ ಚೋಪ್ರಾ ಆಟಿಸಂ ಇರುವ ಪಾತ್ರಗಳನ್ನು ಮಾಡಿದರು. ಆದರೆ ‘ಆ್ಯಸ್ ವಿ ಸೀ ಇಟ್’ (2022) ಸರಣಿಯ ಮೂರು ಮುಖ್ಯ ಪಾತ್ರಗಳಲ್ಲಿ ಆಟಿಸಂ ಇರುವ ಕಲಾವಿದರೇ ಇದ್ದಾರೆ. ತಮ್ಮ ಅನುಭವವನ್ನು ತಾವೇ ತೆರೆಗೆ ತರುವ ಅವಕಾಶ ಅವರಿಗೆ ಸಿಗಲೇಬೇಕು. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಜುಲೈ ತೀರ್ಪಿನಲ್ಲಿ, ಅಂಗವೈಕಲ್ಯವನ್ನು ಸವಕಲು ಅಚ್ಚಿನಲ್ಲಿ ತೋರಿಸಬಾರದು, ಚಿತ್ರ ಮಾಡುವಾಗ ಆ ಸಮುದಾಯದವರನ್ನು ಒಳಗೊಳ್ಳಬೇಕು ಎಂದು ಹೇಳಿದೆ.

ಮುಂದಿನ ಸಲ ಇಂಥ ಪಾತ್ರ ಕಂಡಾಗ ಕೇಳಿಕೊಳ್ಳಿ: ಇವರಿಗೆ ತಮ್ಮದೇ ಆಸೆ, ಸಿಟ್ಟು, ಗೆಳೆತನ ಇವೆಯೇ? ಇವರಿಗಾಗಿ ಯಾರಾದರೂ ಸದ್ದು ತಗ್ಗಿಸಿದರೇ, ಉತ್ತರಕ್ಕೆ ಕಾದರೇ? ತೆರೆಯ ಮೇಲೆ ಇದನ್ನು ಗುರುತಿಸಲು ಕಲಿತವರು ತರಗತಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ತಾವೂ ಹಾಗೆ ನಡೆದುಕೊಳ್ಳಬಲ್ಲರು.