ಬಣ್ಣದ ಖರ್ಚಿಗೆ ಗೂಡಿನ ಲೆಕ್ಕ

ಕೋಡಿಹಳ್ಳಿಯ ಚಿರಂಜೀವಿಗೆ,

ತಂದೆಯವರು ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದಾಗ ಕೈತುಂಬಿ, ಮುಂದಿನ ಬೆಳೆಯವರೆಗೆ ಬರಿದಾಗುವ ಮನೆಯಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಬಂದಿರುವ ನೀವು, ತಿಂಗಳ ಲೆಕ್ಕವನ್ನು ಬಿಟ್ಟು ಬೆಳೆಯ ಲೆಕ್ಕವನ್ನೇ ಹಿಡಿಯತಕ್ಕದ್ದು. ಗೂಡಿನ ಹಣ ಬಂದೊಡನೆ ಶುಲ್ಕದ ಅಂಶವನ್ನು ತೆಗೆದಿರಿಸಿ, ಬಳಿಕ ಬಣ್ಣ ಕೊಳ್ಳಿರಿ. ಅಭ್ಯಾಸಕ್ಕೆ ವಿದ್ಯಾರ್ಥಿ ದರ್ಜೆಯದು ಧಾರಾಳವಾಗಿ ಸಾಕು. ತೈಲವರ್ಣದಲ್ಲಿ ಬಿಳಿಯೇ ಎಲ್ಲಕ್ಕಿಂತ ಬೇಗ ತೀರುವುದಾದ್ದರಿಂದ ಅದೊಂದನ್ನು ದೊಡ್ಡ ಟ್ಯೂಬಿನಲ್ಲಿ ತರುವುದು ಲೇಸು. ಸಿದ್ಧ ಕ್ಯಾನ್ವಾಸಿನ ವ್ಯಾಮೋಹ ಬೇಡ: ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ನೀವೇ ಲೇಪ ಹಚ್ಚಿದರೆ ಹಣವೂ ಉಳಿದು ಕೈಯೂ ಪಳಗುವುದು. ವಿದ್ಯಾರ್ಥಿನಿಲಯ ದೊರೆಯದ ಹಿಂದುಳಿದ ವರ್ಗದವರಿಗೆ ಊಟ-ವಸತಿಗೆಂದೇ ಸರ್ಕಾರದ ವಿದ್ಯಾಸಿರಿ ಯೋಜನೆಯಿದೆ. ಅರ್ಹರಾಗಿದ್ದರೆ ಸಂಕೋಚವನ್ನು ಬದಿಗಿಟ್ಟು ಅರ್ಜಿ ಹಾಕಿರಿ. ಪರಿಷತ್ತು ನಡೆಸುತ್ತಿರುವ ಚಿತ್ರಸಂತೆಯಲ್ಲಿ ಅವಕಾಶ ದೊರೆತರೆ ಕೃತಿಗಳನ್ನು ಮಾರಾಟಕ್ಕಿಡುವುದೂ ಯುಕ್ತವೇ. ಆದರೆ ಆ ಆದಾಯವನ್ನು ನೆಚ್ಚಿ ಮುಂಗಡವಾಗಿ ಸಾಲ ಮಾಡಲಾಗದು.