ಚುಕ್ಕಿ ಸರಿಯಿದ್ದರೂ ಎಳೆ ಯಾಕೆ ನಡುಗುತ್ತದೆ?

ಪ್ರಶ್ನೆ: ಮನುಷ್ಯಾಕೃತಿ ಬರೆಯುವುದನ್ನು ಕಲಿಯುತ್ತಿದ್ದೇನೆ. ತಲೆಗೆ ಮೊಟ್ಟೆ, ಎದೆಗೆ ಪೆಟ್ಟಿಗೆ, ಕೈಕಾಲಿಗೆ ಕೊಳವೆ ಎಂದು ಕಟ್ಟಿಕೊಳ್ಳುವವರೆಗೆ ಎಲ್ಲ ಸರಿ. ಅದರ ಮೇಲೆ ಕೊನೆಯ ಗೆರೆ ಹಾಕಿದೊಡನೆ ಆಕೃತಿ ಬೊಂಬೆಯಂತೆ ಸೆಟೆದುಕೊಳ್ಳುತ್ತದೆ, ಗೆರೆ ಕೆದರಿದ ಕೂದಲಿನಂತಾಗುತ್ತದೆ. ಏನು ಮಾಡಲಿ?
– ಒಬ್ಬ ಓದುಗರು, ಕೆಂಗೇರಿ ಉಪನಗರ

ಉತ್ತರ: ನಾಳೆ ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಯಾರಾದರೂ ಚುಕ್ಕಿ ರಂಗೋಲಿ ಹಾಕುತ್ತಿದ್ದರೆ ಸ್ವಲ್ಪ ಹೊತ್ತು ನಿಂತು ನೋಡಿ. ಮೊದಲು ಎಣಿಸಿ ಚುಕ್ಕಿ ಇಡುತ್ತಾರೆ, ಆಮೇಲೆ ಎಳೆ. ಬೆರಳಿನಿಂದ ಪುಡಿ ಜಾರುವಾಗ ಅವರ ಕಣ್ಣು ಬೆರಳಿನ ಮೇಲಿರುವುದಿಲ್ಲ, ಎಳೆ ಹೋಗಿ ಸೇರಬೇಕಾದ ಕಡೆ ಇರುತ್ತದೆ. ಎಳೆ ಚುಕ್ಕಿಯನ್ನು ಬಳಸಿಕೊಂಡು ಹೋಗುತ್ತದೆ, ತುಳಿಯುವುದಿಲ್ಲ. ನೀವು ಮಾತ್ರ, ಮಕ್ಕಳು ಅಕ್ಷರ ತಿದ್ದುವ ಹಾಗೆ, ಪೆಟ್ಟಿಗೆ ಕೊಳವೆಗಳ ಅಂಚನ್ನೇ ತಿದ್ದುತ್ತಿದ್ದೀರಿ. ಕಣ್ಣು ಪೆನ್ಸಿಲಿನ ಮೊನೆಗೆ ಅಂಟಿಕೊಂಡಿದೆ. ಅದಕ್ಕೇ ಕೈ ನಡುಗುತ್ತದೆ.

ಪೆಟ್ಟಿಗೆ ಕೊಳವೆಗಳು ಬೇಡವೆಂದಲ್ಲ. ನಮ್ಮ ಶಿಲ್ಪಿಗಳಿಗೂ ಮೂರ್ತಿಯ ಎತ್ತರಕ್ಕೆ ನವತಾಳದ ಲೆಕ್ಕವಿತ್ತು: ತಾಳಕ್ಕೆ 12 ಅಂಗುಲ, ಒಂಬತ್ತು ತಾಳಕ್ಕೆ 108. ಬೀದಿಯಲ್ಲಿ ಕಾಣುವ ಮನುಷ್ಯ ಸುಮಾರು ಏಳೂವರೆ ತಲೆಯಷ್ಟು ಎತ್ತರ. ಆದರೆ ಅಳತೆಯೊಂದೇ ಸಾಲದು, ಮೈಯ ಭಾರ ಎಲ್ಲಿ ಇಳಿದಿದೆ ಎಂಬುದು ಗೊತ್ತಾಗಬೇಕು.

ಕೆಂಗೇರಿ ಬಸ್ ನಿಲ್ದಾಣದಲ್ಲಿ ಕಾಯುತ್ತ ನಿಂತ ಒಬ್ಬ ಹೆಂಗಸನ್ನು ನೋಡಿ. ಬಲಗಾಲಿನ ಮೇಲೆ ಭಾರ ಬಿಟ್ಟಿದ್ದಾರೆ. ಬಲಸೊಂಟ ಮೇಲೇರಿದೆ, ಬಲಭುಜ ಕೆಳಗಿಳಿದಿದೆ. ಕತ್ತಿನ ಗುಳಿಯಿಂದ ನೇರ ಕೆಳಕ್ಕೆ ದಾರ ಇಳಿಬಿಟ್ಟರೆ ಬಲ ಹಿಮ್ಮಡಿಯ ಹತ್ತಿರ ಬಂದು ನಿಲ್ಲುತ್ತದೆ. ಬಲಮಗ್ಗುಲು ಮಡಿಚಿಕೊಂಡಿದೆ, ಎಡಮಗ್ಗುಲು ಹಿಗ್ಗಿದೆ. ಇಷ್ಟು ಕಂಡರೆ ನಿಮ್ಮ ಗೆರೆಗೆ ದಾರಿ ಸಿಕ್ಕಿತು. ಎಡಕಂಕುಳಿನಿಂದ ಮೊಣಕಾಲಿನವರೆಗೆ ಒಂದೇ ಉದ್ದನೆಯ ಎಳೆ, ಬಲಗಡೆ ಸೊಂಟದ ಬಳಿ ಚಿಕ್ಕ, ಒತ್ತಿದ ಗೆರೆ. ಭಾರ ಬಿದ್ದಲ್ಲಿ ಒತ್ತಿ, ಬೆಳಕು ಬಿದ್ದಲ್ಲಿ ಹಗುರ ಮಾಡಿ, ಬೇಕಾದರೆ ಗೆರೆಯನ್ನು ಕಡಿದೇ ಬಿಡಿ.

1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ದಯವಿಟ್ಟು ನೋಡಿ. ಕುಣಿಯುವವರ ಇಡೀ ಮೈ ಕೆಲವೇ ಗೆರೆಗಳಲ್ಲಿ ತಿರುಗುತ್ತದೆ. ಲಯ ಒಳಗಿನಿಂದ ತಿಳಿಯಬೇಕೆಂದು ಅವರು ಕಥಕ್ ಕಲಿತಿದ್ದರು. ಅಂಥ ಗೆರೆ ಬರೀ ಮಣಿಕಟ್ಟಿನಿಂದ ಹುಟ್ಟುವುದಿಲ್ಲ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ನೀವು ಒಂದು ತಿಂಗಳು ರಬ್ಬರ್ ಬಿಡಿ. ಬಾಲ್ ಪೆನ್ನು, ಅಗ್ಗದ ಹಾಳೆ ಸಾಕು. ಮನೆಯಲ್ಲಿ ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿ, ಭುಜದಿಂದ ತೋಳಾಡಿಸಿ ಎಳೆಯಿರಿ. ಗಾಳಿಯಲ್ಲಿ ಎರಡು ಸಲ, ಮೂರನೆಯದು ಹಾಳೆಯ ಮೇಲೆ. ತಪ್ಪಿದ ಗೆರೆಯ ಮೇಲೆ ಮತ್ತೆ ಗೀಚಬೇಡಿ, ಪಕ್ಕದಲ್ಲಿ ಸರಿಯಾದದ್ದನ್ನು ಹಾಕಿ. ಹೊರಗೆ ಬಸ್ ನಿಲ್ದಾಣದಲ್ಲಿ ಬರೆಯುವಾಗ ಒಬ್ಬರಿಗೆ ಅರ್ಧ ನಿಮಿಷ, ದಿನಕ್ಕೆ ಇಪ್ಪತ್ತು ಜನ. ಬಸ್ಸು ಬಂದೊಡನೆ ಅವರು ಹತ್ತಿ ಹೊರಟುಬಿಡುತ್ತಾರೆ. ಚಿತ್ರ ಅಲ್ಲಿಗೇ ಇರಲಿ, ಪಕ್ಕದಲ್ಲಿ ನಿಂತವರನ್ನು ಶುರುಮಾಡಿ.