ಗೋಲು ಕಾಯುವವನ ಏಳು ಪಾಠಗಳು

ಬೆಂಗಳೂರಿನ ಆಸ್ಟಿನ್ ಟೌನ್ ಮಣ್ಣಿನಲ್ಲಿ ಬಿದ್ದು ಎದ್ದು ಕೀಪರ್ ಆದವನು ನಾನು. ಜಿಲ್ಲಾ ಲೀಗ್‌ನ ಕೆಳಗಿನ ಡಿವಿಷನ್‌ನಿಂದ ಸೂಪರ್ ಡಿವಿಷನ್‌ವರೆಗೆ ಆರು ತಂಡಗಳ ಜೆರ್ಸಿ ತೊಟ್ಟೆ, ಯಾವುದರಲ್ಲೂ ಬಹುಕಾಲ ನೆಲೆ ನಿಲ್ಲಲಿಲ್ಲ. ಈಗ ಬೆಳಿಗ್ಗೆ ಆರಕ್ಕೆ ಮಕ್ಕಳಿಗೆ ಕೀಪಿಂಗ್ ಹೇಳಿಕೊಡುತ್ತೇನೆ. ಕನ್ನಡದಲ್ಲಿ ‘ಕಾಯುವುದು’ ಎಂದರೆ ರಕ್ಷಿಸುವುದೂ ಹೌದು, ಎದುರು ನೋಡುತ್ತ ನಿಲ್ಲುವುದೂ ಹೌದು. ಕೀಪರ್‌ಗೆ ಎರಡೂ ಬರಬೇಕು. ಎರಡನೆಯದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು.

1. ಹಾರುವ ಮೊದಲು ನಿಲ್ಲಲು ಕಲಿಯಿರಿ

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗೆರೆಯ ಮೇಲೆ ನಿಂತು ಅಷ್ಟನ್ನೂ ಕೈಯಿಂದ ಮುಚ್ಚಲು ಯಾರಿಗೂ ಆಗದು. ಹೊಸ ಹುಡುಗರು ಬಂದಾಗ ನಾನು ಬಟ್ಟೆ ಒಣಹಾಕುವ ನೈಲಾನ್ ಹಗ್ಗ ತರುತ್ತೇನೆ. ಎರಡೂ ಕಂಬಗಳಿಗೆ ಅದರ ತುದಿ ಕಟ್ಟಿ, ನಡುಭಾಗವನ್ನು ಎಂಟು ಮೀಟರ್ ಆಚೆ ಇಟ್ಟ ಚೆಂಡಿನವರೆಗೆ ಎಳೆದು ಹಿಡಿಯುತ್ತೇನೆ. ಗೆರೆಯ ಮೇಲೆ ನಿಂತ ಹುಡುಗನಿಗೆ ಎಡಕ್ಕೂ ಬಲಕ್ಕೂ ಬರೀ ಖಾಲಿ ಜಾಗ. ಮೂರು ಹೆಜ್ಜೆ ಮುಂದೆ ಬಂದರೆ ಹಗ್ಗ ಎರಡೂ ಕಡೆಯಿಂದ ಹತ್ತಿರ ಸರಿಯುತ್ತದೆ. ಇನ್ನೆರಡು ಹೆಜ್ಜೆ ಬಂದರೆ, ಒಂದು ಕಾಲು ಪಕ್ಕಕ್ಕಿಟ್ಟು ಕೈ ಚಾಚಿದಾಗ ಎಟುಕುತ್ತದೆ. “ಅಣ್ಣಾ, ಗೋಲು ಚಿಕ್ಕದಾಯ್ತು!” ಎಂದು ಒಬ್ಬನಾದರೂ ಕೂಗುತ್ತಾನೆ. ನಾನು ಇಪ್ಪತ್ತೈದು ದಾಟುವವರೆಗೂ ಗೆರೆಗೆ ಅಂಟಿಕೊಂಡು ನಿಂತು, ಹಾರಿ ಹಾರಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಸರಿಯಾದ ಜಾಗದಲ್ಲಿ ನಿಂತಿದ್ದರೆ ಅದರಲ್ಲಿ ಅರ್ಧ ಹಾರಾಟ ಬೇಕಿರಲಿಲ್ಲ.

2. ಬೆಂಚಿನ ಮೇಲೆ ಕೂತಾಗ ಕಣ್ಣು ಮುಚ್ಚಬೇಡಿ

ಬೇರೆ ಆಟಗಾರರಿಗೆ ಕೊನೆಯ ಇಪ್ಪತ್ತು ನಿಮಿಷವಾದರೂ ಸಿಗುತ್ತದೆ. ಎರಡನೇ ಕೀಪರ್‌ಗೆ ಸಾಮಾನ್ಯವಾಗಿ ಅದೂ ಇಲ್ಲ. ಒಂದು ಸೀಸನ್ ಪೂರ್ತಿ ಮುಖ ಊದಿಸಿಕೊಂಡು ಕೂತೆ. ಮುಂದಿನ ಸೀಸನ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ: ಯಾರು ಯಾವ ಕಾಲಿನಿಂದ ಹೊಡೆಯುತ್ತಾರೆ, ಯಾರು ಹೊಡೆಯುವ ಮುನ್ನ ತಲೆ ತಗ್ಗಿಸುತ್ತಾರೆ. ಇವತ್ತು ನಾನು ಕಲಿಸುವುದರಲ್ಲಿ ಹೆಚ್ಚಿನದು ಆ ಪುಟಗಳಿಂದ ಬಂದದ್ದು. 2016ರ ಎಎಫ್‌ಸಿ ಕಪ್ ಫೈನಲ್‌ಗೆ ಬೆಂಗಳೂರು ಎಫ್‌ಸಿ ದೋಹಾಕ್ಕೆ ಹೋದಾಗ ಮೊದಲ ಕೀಪರ್ ಅಮರಿಂದರ್ ಸಿಂಗ್‌ಗೆ ಅಮಾನತಿನಿಂದಾಗಿ ಆಡಲಾಗಲಿಲ್ಲ. ಕ್ಲಬ್‌ನ ಚರಿತ್ರೆಯಲ್ಲೇ ದೊಡ್ಡದಾದ ಆ ಪಂದ್ಯದಲ್ಲಿ ಗೋಲಿಗೆ ನಿಂತವರು ಲಾಲ್ತುವಾಮಾವಿಯಾ ರಾಲ್ತೆ. ಎರಡನೇ ಕೀಪರ್‌ನ ಸರದಿ ಅಂಥ ದಿನವೂ ಬರಬಹುದು.

3. ಬಿಟ್ಟ ಗೋಲನ್ನು ಹೊತ್ತು ತಿರುಗಬೇಡಿ

ಮಳೆಯಲ್ಲಿ ನಡೆದ ಒಂದು ಲೀಗ್ ಪಂದ್ಯದಲ್ಲಿ, ಮಕ್ಕಳೂ ಹಿಡಿಯುವಂಥ ಚೆಂಡು ನನ್ನ ಕೈ ಜಾರಿ ಕಾಲುಗಳ ನಡುವೆ ಒಳಗೆ ಹೋಯಿತು. ಹತ್ತು ನಿಮಿಷವಾದರೂ ಮನಸ್ಸು ಅಲ್ಲೇ ಇತ್ತು. ಅಷ್ಟರಲ್ಲಿ ಎರಡನೆಯದೂ ಹೋಯಿತು. ಮೊದಲನೆಯದಕ್ಕೆ ಒದ್ದೆ ಚೆಂಡು ಕಾರಣ, ಎರಡನೆಯದಕ್ಕೆ ನಾನೇ. ಈಗ ಹುಡುಗರಿಗೆ ಒಂದು ಕ್ರಮ ಹೇಳಿಕೊಟ್ಟಿದ್ದೇನೆ. ಗೋಲಾದರೆ ಬಲೆಯಿಂದ ಚೆಂಡು ತೆಗೆದು ಕೊಡು, ಕಂಬದ ಹತ್ತಿರದ ಬಾಟಲಿಯಿಂದ ಒಂದು ಗುಟುಕು ನೀರು ಕುಡಿ, ಗ್ಲೌಸ್ ಒರೆಸಿಕೋ, ಡಿಫೆಂಡರ್‌ನ ಹೆಸರು ಹಿಡಿದು ಏನಾದರೂ ಒಂದು ಹೇಳು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದು ಮೇಘಾಲಯದ ವಿರುದ್ಧ 3-2ರಿಂದ. ಎರಡು ಗೋಲು ಬಿಟ್ಟ ದಿನವೂ ಚಾಂಪಿಯನ್ ಆಗಬಹುದು.

4. ಗಂಟಲು ಮೂರನೆಯ ಕೈ

ಇಡೀ ಮೈದಾನ ಎದುರಿಗೆ ಕಾಣುವುದು ಕೀಪರ್‌ಗೆ ಮಾತ್ರ. ನಮ್ಮ ಆಸ್ಟಿನ್ ಟೌನ್ ತಂಡಗಳಲ್ಲಿ ತಮಿಳು, ಕನ್ನಡ, ದಖ್ಖನಿ ಎಲ್ಲವೂ ಒಟ್ಟಿಗೆ ಓಡುತ್ತಿದ್ದವು. ಆದರೆ ‘ಕೀಪರ್’, ‘ಅವೇ’, ‘ಮ್ಯಾನ್ ಆನ್’ ಎಂಬ ಕೂಗು ಎಲ್ಲರಿಗೂ ತಿಳಿಯುತ್ತಿತ್ತು. ಕೂಗು ಚಿಕ್ಕದಿರಲಿ, ಬೇಗ ಬರಲಿ. ಕ್ರಾಸ್ ಬಂದ ಮೇಲೆ ಕೂಗಿದರೆ ಅದು ಬೈಗುಳ. ಬರುವ ಮೊದಲು ಕೂಗಿದರೆ ಸಹಾಯ.

5. ನಿಯಮ ಬದಲಾದರೆ ನೀವೂ ಬದಲಾಗಿ

1992ರಲ್ಲಿ ಬ್ಯಾಕ್‌ಪಾಸ್ ಕೈಗೆತ್ತಿಕೊಳ್ಳಬಾರದೆಂಬ ನಿಯಮ ಬಂದಾಗ ನಾನಿನ್ನೂ ಶಾಲಾ ಹುಡುಗ. ಕಾಲಾಟ ಕಲಿಯದ ಹಿರಿಯ ಕೀಪರ್‌ಗಳು ಕಣ್ಣೆದುರೇ ಹಿಂದೆ ಬಿದ್ದರು. ಪೆನಾಲ್ಟಿ ಒದೆಯುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದದ ಭಾಗವಾದರೂ ಗೆರೆಯ ಮೇಲೆ ಅಥವಾ ಅದರ ನೇರಕ್ಕೆ ಇರಬೇಕೆಂದು 2019ರಲ್ಲಿ ಬಂತು. ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದಿಟ್ಟರೆ ಎದುರಾಳಿಗೆ ಕಾರ್ನರ್ ಎಂದು 2025ರಲ್ಲಿ ಬಂತು. ಆಡಿದ್ದೇನೆ ಎಂದ ಮಾತ್ರಕ್ಕೆ ಕಲಿಸಲು ಬರುವುದಿಲ್ಲ. ಅದಕ್ಕೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ಗೋಲ್‌ಕೀಪಿಂಗ್ ಕೋರ್ಸಿನಲ್ಲಿ ನನಗಿಂತ ಚಿಕ್ಕವರ ಪಕ್ಕ ಕೂತು ಮತ್ತೆ ಮೊದಲಿಂದ ಕಲಿತೆ.

6. ಗ್ಲೌಸ್ ಜೊತೆ ಪುಸ್ತಕವೂ ಇರಲಿ

ಎಚ್‌ಎಎಲ್, ಐಟಿಐ ಮುಂತಾದ ಕಾರ್ಖಾನೆ ತಂಡಗಳಲ್ಲಿ ಆಡಿ ನೌಕರಿ ಹಿಡಿದ ಹಿರಿಯರನ್ನು ನೋಡುತ್ತ ಬೆಳೆದವರು ನಾವು. ಬೇರೊಂದು ತಂಡ ನನಗೂ ಕೆಲಸದ ಮಾತು ಕೊಟ್ಟಿತ್ತು. ಎರಡು ವರ್ಷ ಸ್ಟೈಪೆಂಡ್ ಮೇಲೆ ಆಡಿಸಿ, ತಂಡವನ್ನೇ ಮುಚ್ಚಿಬಿಟ್ಟರು. ಡಿಗ್ರಿ ಅರ್ಧಕ್ಕೇ ಬಿಟ್ಟಿದ್ದೆ. ಅದಕ್ಕೇ ನನ್ನ ಹುಡುಗರಿಗೆ ಪರೀಕ್ಷೆ ಇದ್ದರೆ ಅಭ್ಯಾಸಕ್ಕೆ ರಜೆ. ಗ್ಲೌಸ್ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ ಎನ್ನುತ್ತೇನೆ. ಅಷ್ಟೇ ಕಟ್ಟುನಿಟ್ಟಾಗಿ ಮಾರ್ಕ್ಸ್ ಕಾರ್ಡನ್ನೂ ಕೇಳುತ್ತೇನೆ.

7. ಯಾರೂ ನೋಡದ್ದನ್ನು ಕೋಚ್ ನೋಡಬೇಕು

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು. ಆ ಒಂದು ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರೆಂದು ನಮ್ಮ ಬೀದಿಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅಂದು ಗೋಲು ಕಾಯ್ದ ಕೆ.ವಿ. ವರದರಾಜ್ ಹೆಸರನ್ನು ನಾನೇ ಕೇಳಿ ಕೇಳಿ ಹೇಳಿಸಬೇಕು.

ಮೊನ್ನೆ ಮಕ್ಕಳ ಪಂದ್ಯ ಮುಗಿದ ಮೇಲೆ ಒಬ್ಬ ತಂದೆ ಬಂದು, “ಇವತ್ತು ನಮ್ಮವನಿಗೆ ಕೆಲಸವೇ ಇರಲಿಲ್ಲ ಅಲ್ವಾ ಸರ್? ಒಂದು ಚೆಂಡೂ ಬರಲಿಲ್ಲ” ಅಂದರು. ನಾನು ನೋಟ್‌ಬುಕ್ ತೆರೆದು ತೋರಿಸಿದೆ. ಡಿಫೆನ್ಸ್ ಸೀಳಿ ಬಂದ ಚೆಂಡಿಗೆ ಅವನು ಬಾಕ್ಸ್ ದಾಟಿ ಓಡಿ ಒದ್ದದ್ದು ನಾಲ್ಕು ಸಲ. ಕೂಗಿ ಡಿಫೆಂಡರ್‌ನನ್ನು ಸರಿಯಾದ ಜಾಗಕ್ಕೆ ಕಳಿಸಿದ್ದು ಒಂಬತ್ತು ಸಲ. “ಇಷ್ಟು ಮಾಡಿದ್ದಕ್ಕೇ ಸರ್, ಚೆಂಡು ಬರಲಿಲ್ಲ” ಅಂದೆ. ಪಕ್ಕದಲ್ಲಿ ಗ್ಲೌಸ್ ಬಿಚ್ಚುತ್ತಿದ್ದ ಹುಡುಗ ಬಗ್ಗಿ ಆ ಪುಟವನ್ನು ಎರಡು ಸಲ ಓದಿಕೊಂಡ.